ಅಕ್ಕೋರ ನಾಲ್ಕನೆಯ ಸೈಕಲ್

ಮೊನ್ನೆ ಬಾವಿಯ ಪಂಪು ರಿಪೇರಿಗೆ ಬಂದವನು ಚೀಲದಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದ. ಸೀಮೆಎಣ್ಣೆ. ರೇಷನ್ನಿನಲ್ಲಿ ಕೊಡುವುದು ನಿಂತ ಮೇಲೆ ಆ ವಾಸನೆ ನಮ್ಮ ಮನೆಯ ಹತ್ತಿರ ಸುಳಿದಿರಲಿಲ್ಲ. ಅವನು ಪಂಪಿನ ಬಿಡಿಭಾಗಗಳನ್ನು ಹಳೆಯ ತಟ್ಟೆಯೊಂದರಲ್ಲಿ ಹಾಕಿ ಬ್ರಶ್ಶಿನಿಂದ ಉಜ್ಜತೊಡಗಿದ. ನಾನು ಒಲೆಯ ಮೇಲಿಟ್ಟ ಹಾಲನ್ನು ಮರೆತು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟೆ. ಹಾಲು ಉಕ್ಕಿ ಸುಟ್ಟ ವಾಸನೆ ಬಂದಾಗಲೇ ಎಚ್ಚರ...

ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ರಸ್ತೆಯ ಕಡೆಗಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದೆವು. ಹತ್ತು ಹನ್ನೆರಡು ವರ್ಷಗಳ ಕೆಳಗೆ ಆ ಕೋಣೆಗೆ ಬಂದವರು ಹೈಸ್ಕೂಲಿನ ಆಟದ ಟೀಚರು. ವಿಜಯಪುರದ ಕಡೆಯವರು. ಎತ್ತರದ ತೆಳ್ಳಗಿನ ಹೆಂಗಸು, ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಮದುವೆಯಾಗಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ, ನಮಗೂ ಅವರು ಅಕ್ಕೋರೇ ಆದರು. ನನ್ನನ್ನು ಅವರು ತಮ್ಮ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು.

ಆಗ ನನ್ನ ದಿನಗಳೆಲ್ಲ ಒಂದೇ ಥರ ಇದ್ದವು. ಅತ್ತೆಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅವರನ್ನು ಎಬ್ಬಿಸಬೇಕು, ಒರೆಸಬೇಕು, ಉಣ್ಣಿಸಬೇಕು, ಮತ್ತೆ ಮಗ್ಗುಲು ಬದಲಿಸಿ ಮಲಗಿಸಬೇಕು. ಮನೆಯವರು ಸರಕಿನ ಟೆಂಪೋ ಓಡಿಸಿಕೊಂಡು ಹುಬ್ಬಳ್ಳಿ, ಅಂಕೋಲೆ ಎಂದು ತಿರುಗುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ಅಂಥ ಒಂದು ಸಂಜೆ ಅಕ್ಕೋರು ಅಡಿಗೆಮನೆಯ ಬಾಗಿಲಿಗೆ ಬಂದು, "ವೈನಿ, ಒಂದ್ ವಾಟಿ ಚಿಮಣಿ ಎಣ್ಣಿ ಐತೇನ್ರಿ?" ಎಂದು ಕೇಳಿದರು.

ಸೀಮೆಎಣ್ಣೆ ಯಾತಕ್ಕೆಂದು ಅವರ ಹಿಂದೆಯೇ ಹೋಗಿ ನೋಡಿದೆ. ಜಗಲಿಯಲ್ಲಿ ಗೋಣಿತಾಟು ಹಾಸಿ, ಅದರ ಮೇಲೆ ಸೈಕಲ್ಲೊಂದನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದರು. ಚಕ್ರಗಳಿಗೆ ಟಯರಿಲ್ಲ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿತ್ತು. ಬಣ್ಣ ಯಾವುದೆಂದು ತಿಳಿಯದಷ್ಟು ತುಕ್ಕು. ನಮ್ಮ ಮನೆಯವರೇ ಅದನ್ನು ಹುಬ್ಬಳ್ಳಿಯಿಂದ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದರಂತೆ. ಕಿಟಕಿಯ ಪಕ್ಕದ ಮಂಚದಿಂದ ಅದನ್ನು ಕಂಡ ಅತ್ತೆ ಮಲಗಿದಲ್ಲಿಂದಲೇ ಹೇಳಿದರು: "ಇದೆಂತದೇ, ಎಲುಬೊಂದೇ ಇದ್ದು, ಮೈಯೇ ಇಲ್ಲೆ."

ಅದು ರೇಸ್ ಸೈಕಲ್. ಹುಡುಗಿಯಾಗಿದ್ದಾಗ ಅಕ್ಕೋರು ಕ್ರೀಡಾ ಹಾಸ್ಟೆಲಿನಲ್ಲಿದ್ದು ಸೈಕಲ್ ರೇಸ್ ಹೊಡೆದವರು. ನಾಲ್ವರು ಹುಡುಗಿಯರ ತಂಡ ಅವರದು. ಒಬ್ಬರ ಹಿಂದೆ ಒಬ್ಬರು ಒತ್ತಾಗಿ ಹೋಗಬೇಕಂತೆ. ಮುಂದಿದ್ದವಳು ಗಾಳಿಯನ್ನು ಎದೆಗೆ ತಗೊಂಡು ಉಳಿದವರಿಗೆ ಹಾದಿ ಮಾಡಬೇಕು, ಅವಳು ದಣಿದಾಗ ಪಕ್ಕಕ್ಕೆ ಸರಿದು ಹಿಂದೆ ಸೇರಿಕೊಳ್ಳಬೇಕು, ಆಮೇಲೆ ಎರಡನೆಯವಳು ಮುಂದೆ. ಹಾಗೆ ಸರದಿಯ ಮೇಲೆ ಗಾಳಿ ಒಡೆಯುವುದು. ಹಾಸ್ಟೆಲಿಗೆ ಹೊಸ ಸೈಕಲ್ ಬಂದಾಗ ಹಳೆಯವನ್ನು ಓಡಿಸಿದವರಿಗೇ ಕೊಟ್ಟುಬಿಟ್ಟರಂತೆ. ಅವರವರ ಮದುವೆಯಾಯಿತು, ಸೈಕಲ್ಲುಗಳು ಅವರವರ ಅಟ್ಟ ಸೇರಿದವು. ಅಕ್ಕೋರು ತಮ್ಮದನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ಉಳಿದ ಮೂರನ್ನೂ ಹುಡುಕಿ ತಂದು, ಮೊದಲಿನ ಹಾಗೆ ಮಾಡಿ, ನಾಲ್ವರೂ ಕೂಡಿ ಇನ್ನೊಂದು ಸಲ ಹೋಗಬೇಕು ಎನ್ನುವುದು ಅವರ ಆಸೆ.

"ಈ ವಯಸ್ಸಿನಲ್ಲಾ ಅಕ್ಕೋರೇ?" ಎಂದೆ.

"ಜೋರ ಹೋಗೂದಿಲ್ರಿ. ಒಂದಿಷ್ಟ ದೂರ, ಸಾವಕಾಶ," ಎಂದರು.

ಅಂದಿನಿಂದ ಸಂಜೆ ಅತ್ತೆಗೆ ಗಂಜಿ ಕುಡಿಸಿದ ಮೇಲೆ ನಾನೂ ಜಗಲಿಗೆ ಹೋಗಿ ಕೂರತೊಡಗಿದೆ. ಕೂತವಳ ಕೈ ಸುಮ್ಮನಿರುತ್ತದೆಯೇ? ಚೈನು ತೊಳೆದೆ. ಬೇರಿಂಗಿನ ಸಣ್ಣ ಗುಂಡುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿಟ್ಟೆ. ಅಕ್ಕೋರು ಚಕ್ರವನ್ನು ತಿರುಗಿಸುತ್ತ, ಕಡ್ಡಿಗಳನ್ನು ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಮಾಡುತ್ತ ಬೆಂಡ್ ತೆಗೆಯುತ್ತಿದ್ದರು. ಅದು ಮುಗಿಯುವ ಕೆಲಸವೇ ಅಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ವಾಲುತ್ತಿತ್ತು. ಹಳೆಯ ಬಣ್ಣವನ್ನು ಕೆರೆದು ತೆಗೆಯದೆ, ಉಳಿದಷ್ಟನ್ನು ಉಳಿಸಿಕೊಂಡೇ ತುಕ್ಕು ಬಿಡಿಸಬೇಕು ಎಂದು ಅವರ ಹಟ. ಹೊಸ ಬಣ್ಣ ಬಳಿದರೆ ಕೆಲಸ ಬೇಗ ಆಗುತ್ತದೆ, ಆದರೆ ಅದು ಬೇರೆಯವರ ಸೈಕಲ್ ಆಗುತ್ತದೆ ಎನ್ನುತ್ತಿದ್ದರು. ಆ ಸೈಕಲ್ಲಿನ ಟಯರುಗಳೂ ಬೇರೆ ಜಾತಿಯವು, ರಿಮ್ಮಿಗೆ ಅಂಟು ಹಚ್ಚಿ ಕೂರಿಸುವಂಥವು. ಅವಕ್ಕಾಗಿ ಅಕ್ಕೋರು ಎಲ್ಲೆಲ್ಲಿಗೋ ಫೋನು ಮಾಡಿ, ತಿಂಗಳುಗಟ್ಟಲೆ ಕಾದು ತರಿಸುತ್ತಿದ್ದರು.

ಮೊದಲ ಚಕ್ರ ಸರಿಯಾದ ದಿನ ಅದನ್ನು ಅತ್ತೆಯ ಮಂಚದ ಹತ್ತಿರ ತಂದು, ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ನನಗೆ ತಿರುಗಿಸಲು ಹೇಳಿದರು. ಕಡ್ಡಿಗಳು ಕಾಣದಂತಾಗಿ ಚಕ್ರ ಸಣ್ಣ ಟಿಕಿಟಿಕಿ ಸದ್ದಿನಲ್ಲಿ ಎಷ್ಟೋ ಹೊತ್ತು ತಿರುಗಿತು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮಾರನೆಯ ದಿನದಿಂದ, "ಒಂದ್ಸಲ ತಿರುಗ್ಸೇ ತಂಗಿ, ಆನು ಕೇಳ್ತೆ," ಎನ್ನುವುದು ಅವರ ಅಭ್ಯಾಸವೇ ಆಯಿತು. ನನ್ನ ಯಾವ ಆರೈಕೆಗೂ ಅವರ ಮುಖ ಹಾಗೆ ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎನ್ನಬೇಕು...

ಎರಡು ವರ್ಷ ಹಿಡಿದು ಮೂರು ಸೈಕಲ್ ಸಿದ್ಧವಾದವು. ಒಂದು ಅಕ್ಕೋರದು. ಒಂದು ಹುಬ್ಬಳ್ಳಿಯಲ್ಲಿ ಗುಮಾಸ್ತೆಯಾಗಿದ್ದ ಗೆಳತಿಯದು. ಇನ್ನೊಂದು ಜಮಖಂಡಿ ಕಡೆಯ ಗೆಳತಿಯ ಕಣಜದ ಕೋಣೆಯಿಂದ ಬಂದದ್ದು. ನಾಲ್ಕನೆಯವಳನ್ನು ದಾಸನಕೊಪ್ಪಕ್ಕೆ ಕೊಟ್ಟಿದ್ದರು. ಅಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ, ಹೊಲಮನೆ. ಮದುವೆಯಾದ ಮೇಲೆ ಅವಳು ಒಂದು ಫೋನನ್ನೂ ಮಾಡಿರಲಿಲ್ಲ. ಅಕ್ಕೋರು ಈ ಕಡೆ ವರ್ಗ ಕೇಳಿಕೊಂಡು ಬಂದದ್ದೇ ಅವಳ ಊರು ಹತ್ತಿರವಾಗುತ್ತದೆ ಎಂದು. ದಾಸನಕೊಪ್ಪದಿಂದ ಬನವಾಸಿಯ ಕಡೆಗೆ ರಸ್ತೆ ಸಪಾಟಾಗಿದೆ, ನಾವು ಮೂವರೂ ಅಲ್ಲಿಗೇ ಹೋಗುತ್ತೇವೆ, ಅವಳು ಮನೆಯಿಂದ ಹೊರಗೆ ಬಂದರೆ ಸಾಕು ಎಂದು ಲೆಕ್ಕ ಹಾಕಿದ್ದರು. ಆದರೂ ಅಷ್ಟು ದಿನ ಹೋಗದೆ ಮುಂದೂಡುತ್ತ ಬಂದಿದ್ದರು. ಕೊನೆಗೆ ಒಂದು ಭಾನುವಾರ, "ವೈನಿ, ನೀವೂ ಬರ್ರಿ. ಒಬ್ಬಾಕಿಗೆ ಹೋಗಾಕ ಆಗವಲ್ದು," ಎಂದರು. ಅತ್ತೆಯನ್ನು ಮನೆಯವರಿಗೆ ಒಪ್ಪಿಸಿ ಹೊರಟೆ.

ಶಿರಸಿಯಲ್ಲಿ ಬಸ್ಸು ಬದಲಿಸಿ ದಾಸನಕೊಪ್ಪ ಮುಟ್ಟುವಾಗ ಬಿಸಿಲೇರಿತ್ತು. ಅಂಗಡಿಯ ಕಟ್ಟೆಯ ಮೇಲೆ ವಯಸ್ಸಾದ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ತಕ್ಕಡಿಯ ಮುಂದೆ ಆಕೆ. ತಲೆತುಂಬ ಸೆರಗು, ದಪ್ಪ ಮೈ. ಅಕ್ಕೋರನ್ನು ಕಂಡವರೇ ತೂಗುತ್ತಿದ್ದ ಸೇಂಗಾ ಬೀಜವನ್ನು ಹಾಗೇ ಬಿಟ್ಟು ಎದ್ದು ಬಂದರು. ಮಾವನ ಕಡೆ ತಿರುಗಿ, "ನಮ್ಮ ತವರಿನ ಕಡೆಯವರ್ರಿ. ಬನವಾಸಿ ದೇವರಿಗೆ ಹೊಂಟಾರ," ಎಂದರು. ಅಕ್ಕೋರು ತೆರೆದ ಬಾಯಿಯನ್ನು ಮುಚ್ಚಿದರು. ಆಮೇಲೆ, "ಹೌದ್ರಿ," ಎಂದರು.

ಚಹಾ ಕುಡಿದ ಮೇಲೆ ಕೈಕಾಲು ತೊಳೆಯುವ ನೆಪದಲ್ಲಿ ಆಕೆ ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ದನದ ಮೇವಿನ ಕೊಟ್ಟಿಗೆಯ ತೊಲೆಗೆ ಗೊಬ್ಬರದ ಖಾಲಿ ಚೀಲ ಸುತ್ತಿದ ಏನೋ ಒಂದು ತೂಗುತ್ತಿತ್ತು. ಚೀಲದ ಹರಿದ ಕಡೆಯಿಂದ ಬಾಗಿದ ಹ್ಯಾಂಡಲ್ಲಿನ ತುದಿ ಹೊರಗೆ ಬಂದಿತ್ತು.

"ನೋಡಾಕ ಬಂದೀಯೋ, ಒಯ್ಯಾಕ ಬಂದೀಯೋ?" ಎಂದು ಆಕೆ ಅಕ್ಕೋರನ್ನು ಕೇಳಿದರು.

"ಒಯ್ಯಾಕ. ನಮ್ಮ ಮೂರೂ ತಯಾರಾಗ್ಯಾವು."

"ನಂದು ಕೊಡೂದಿಲ್ಲ."

ಆಕೆಯ ತಂದೆ ಮದುವೆಯ ಮಾತುಕತೆಯಲ್ಲಿ ಮಗಳು ಹಾಸ್ಟೆಲಿನಲ್ಲಿ ಓದಿದವಳು ಎಂದಷ್ಟೇ ಹೇಳಿದ್ದರಂತೆ. ಚಡ್ಡಿ ಹಾಕಿಕೊಂಡು ಊರೂರ ರಸ್ತೆಯಲ್ಲಿ ಸೈಕಲ್ ಹೊಡೆದವಳು ಎಂದರೆ ಸಂಬಂಧ ಮುರಿದೀತು ಎನ್ನುವ ಹೆದರಿಕೆ. ಆಮೇಲೆ ಹೇಳುವ ಹೊತ್ತೇ ಬರಲಿಲ್ಲ. ತವರಿನ ಮನೆ ಮಾರುವಾಗ ಅಣ್ಣ ಸೈಕಲ್ಲನ್ನು ಇಲ್ಲಿ ತಂದಿಟ್ಟಾಗ ಅದು ಅಣ್ಣನದೇ ಎಂದು ಹೇಳಿಬಿಟ್ಟಿದ್ದರು.

"ನನ್ನ ಹತ್ರ ಇದ್ರ ಚೊಕ್ಕ ಮಾಡಿ ಇಡ್ತೀನಲ್ಲ," ಎಂದರು ಅಕ್ಕೋರು.

"ಅದಕ್ಕ ಬ್ಯಾಡ ಅನ್ನೂದು. ತುಕ್ಕು ಹಿಡದೈತಿ ಅಂತ ನಾನೂ ಸುಮ್ನದೀನಿ. ನೀ ಅದನ್ನ ಮಿಂಚಿಸಿ ನನ್ನ ಮುಂದ ನಿಲ್ಲಿಸಿದರ ಹತ್ತಬೇಕು ಅನಸ್ತೈತಿ. ಹತ್ತಿ ನಾ ಎಲ್ಲಿ ಹೋಗ್ಲಿ?"

ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕರೆದರು. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅಕ್ಕೋರು ಆ ಚೀಲದ ಕೆಳಗೆ ಸ್ವಲ್ಪ ಹೊತ್ತು ನಿಂತರು, ಮುಟ್ಟಲಿಲ್ಲ. ಬರುವಾಗ ಬಸ್ಸಿನಲ್ಲಿ "ಖರೇನ ಹೇಳಿದ್ಲು," ಎಂದರು. ಆಮೇಲೆ ಕಿಟಕಿಯ ಸರಳಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆಮೇಲೆ ಎಲ್ಲ ಸಾವಕಾಶವಾಗಿ ಇಳಿಯುತ್ತ ಬಂತು. ನಾವು ಮೂವರೇ ಹೋಗೋಣ ಎಂದು ಹುಬ್ಬಳ್ಳಿಯ ಗೆಳತಿ ಫೋನು ಮಾಡಿದರು. ಅಕ್ಕೋರು ಹೂಂ ಎಂದರು. ಆ ಬೇಸಿಗೆಯಲ್ಲಿ ಹುಬ್ಬಳ್ಳಿಯವರ ಗಂಡ ಆಸ್ಪತ್ರೆ ಸೇರಿದರು, ಮಳೆಗಾಲ ಕಳೆಯುವಾಗ ಜಮಖಂಡಿಯವರು ಬಾಣಂತನಕ್ಕೆಂದು ಮಗಳ ಮನೆಗೆ ಹೋದರು. ಅಕ್ಕೋರು ಮಾತ್ರ ಬೆಳಗಾಗುತ್ತಲೇ ಎದ್ದು ಮುಂಡಗೋಡ ರಸ್ತೆಯಲ್ಲಿ ಒಬ್ಬರೇ ಹೋಗಿ ಬರುತ್ತಿದ್ದರು. ಒಂದು ದಿನ ಒಂದು ಸೈಕಲ್, ಮರುದಿನ ಇನ್ನೊಂದು. ನಿಂತಲ್ಲೇ ನಿಂತರೆ ಚಕ್ರದ ನಡುವಿನ ಹಬ್ಬಿನಲ್ಲಿ ಗ್ರೀಸು ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ಬೆವರಿ ವಾಪಸ್ಸು ಬಂದು ಮೆಟ್ಟಿಲ ಮೇಲೆ ಕೂರುವಾಗ ಅವರ ಪಾದಗಳು ಊದಿಕೊಂಡಿರುತ್ತಿದ್ದವು. ಸೈಕಲ್ಲಿನಿಂದ ಎಂದುಕೊಂಡಿದ್ದೆವು. ಹುಬ್ಬಳ್ಳಿಯ ಡಾಕ್ಟರು ಮೂತ್ರಪಿಂಡ ಎಂದರು.

ನಿವೃತ್ತಿಯಾಗುವವರೆಗೂ ಹೇಗೋ ಎಳೆದರು. ನಂತರ ತಮ್ಮನ ಮನೆಗೆ ಹೊರಟರು. ಮೂರು ಸೈಕಲ್ಲುಗಳನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ನಮ್ಮ ಟೆಂಪೋದಲ್ಲೇ ಕಳಿಸಿದೆವು. ಅತ್ತೆ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಒಂದೇ ವರ್ಷದಲ್ಲಿ ಮನೆಯ ಎರಡು ಕೋಣೆ ಖಾಲಿಯಾದವು. ನನಗೆ ಬಿಡುವಾಯಿತು ಎಂದು ಜನ ಹೇಳಿದರು. ಬಿಡುವಾದಾಗಲೇ ಗೊತ್ತಾದದ್ದು ನಾನು ಎಷ್ಟು ದಣಿದಿದ್ದೆ ಎಂದು.

ಎರಡು ವರ್ಷದ ಹಿಂದೆ ಅವರ ತಮ್ಮನ ಹೆಂಡತಿ ಫೋನು ಮಾಡಿ ಅಕ್ಕೋರು ತೀರಿಕೊಂಡ ಸುದ್ದಿ ಹೇಳಿದರು. ಕಾರ್ಯವೆಲ್ಲ ಮುಗಿದಿತ್ತು. ಸೈಕಲ್ಲುಗಳ ವಿಷಯ ಕೇಳಿದೆ. ಗೆಳತಿಯರಿಗೆ ಹೇಳಿ ಕಳಿಸಿದರೂ ಯಾರೂ ಬರಲಿಲ್ಲವಂತೆ, ದೊಡ್ಡ ಹೋಟೆಲಿನವರೊಬ್ಬರು ಗೋಡೆಗೆ ತೂಗುಹಾಕಲು ಚೆನ್ನಾಗಿರುತ್ತದೆ ಎಂದು ಮೂರನ್ನೂ ಒಯ್ದರಂತೆ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮನೆ ಸಣ್ಣದು ಎಂದರು. ಇದ್ದೀತು.

ದಾಸನಕೊಪ್ಪಕ್ಕೆ ಯಾರೂ ತಿಳಿಸಿರಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಕೊರೆಯಿತು. ಅವರ ನಂಬರು ನನ್ನ ಹತ್ತಿರ ಇರಲಿಲ್ಲ. ಒಂದು ದಿನ ಬಸ್ಸು ಹತ್ತಿ ಹೋದೆ. ಮಾವನ ಕುರ್ಚಿಯಲ್ಲಿ ಈಗ ಆಕೆಯ ಗಂಡ ಕೂತಿದ್ದರು, ತಲೆಯೆಲ್ಲ ಬೆಳ್ಳಗೆ. ಆಕೆ ಕನ್ನಡಕ ಹಾಕಿಕೊಂಡು ಅದೇ ತಕ್ಕಡಿಯ ಮುಂದೆ. ನನ್ನ ಗುರುತು ಹತ್ತಿತು. "ಅಕ್ಕೋರು ಹೋದ್ರು," ಎಂದೆ. ಆಕೆ ಕೈಯಲ್ಲಿದ್ದ ಬೊಗಸೆ ಬೀಜವನ್ನು ಚೀಲಕ್ಕೆ ವಾಪಸ್ಸು ಸುರಿದರು.

"ಯಾರು ಹೋದ್ರಂತ?" ಎಂದು ಗಂಡ ಕೇಳಿದರು.

"ನನ್ನ ಗೆಳತಿ. ಹಿಂದ ಒಮ್ಮಿ ಬಂದಿದ್ಲಲ್ರೀ, ದೇವರಿಗೆ ಹೊಂಟಾರ ಅಂತ ಮಾವಾರ ಮುಂದ ಅಂದಿದ್ದೆ. ದೇವರಿಗೆ ಬಂದಿರಲಿಲ್ಲ ಆಕಿ." ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದರು. "ನಾವು ಕೂಡಿ ಸೈಕಲ್ ರೇಸ್ ಹೊಡೀತಿದ್ವಿ. ಕೊಟ್ಟಿಗ್ಯಾಗಿಂದು ಅಣ್ಣಂದಲ್ರಿ. ನಂದು."

ಗಂಡ ಕುರ್ಚಿಯಿಂದ ಏಳಲಿಲ್ಲ.

"ಗೊತ್ತೈತಿ ಬಿಡು," ಎಂದರು. "ನಿಮ್ಮಣ್ಣ ಆರಡಿ ಆಳು. ಆ ಸೈಕಲ್ ಅವಗ ಎಲ್ಲಿ ಸರಿ ಆಗ್ತೈತಿ? ತಂದಿಟ್ಟ ದಿನಾನ ಅನ್ಕೊಂಡಿದ್ದೆ."

"ಮತ್ತ ಯಾಕ ಒಂದ ಮಾತ ಕೇಳಲಿಲ್ಲ?"

"ನೀನ ಹೇಳ್ಲಿ ಅಂತ ಕೂತೆ."

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅಳಲಿಲ್ಲ. ನನಗೆ ನೀರು ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಗಂಡನೇ ಎದ್ದು ಬಂದು ಗಿರಾಕಿಗೆ ಬೀಜ ತೂಗಿಕೊಟ್ಟರು. ನಾನು ಆ ಕಟ್ಟೆಯ ಮೇಲೆ ಕೂತು, ಇಷ್ಟೇ ಇತ್ತಲ್ಲ ಎಂದುಕೊಳ್ಳುತ್ತಿದ್ದೆ... ಅಂದು ಹಿತ್ತಿಲಿನಲ್ಲಿ ಆಡಿದ ಮಾತನ್ನು ಅವರು ಅಂಗಡಿಯಲ್ಲಿ ಆಡಿದ್ದರೆ ಸಾಕಿತ್ತಲ್ಲ.

ಈಗ ಆಕೆ ಆಗಾಗ ಫೋನು ಮಾಡುತ್ತಾರೆ. ಮೊಣಕಾಲು ನೋವು, ಸೊಸೆಯ ಸಮಾಚಾರ, ಮಳೆ ಬಂತೇ ಇಲ್ಲವೇ ಎಂದು ಮಾತಾಡುತ್ತೇವೆ. ಹೋದ ವಾರ ಮಾಡಿದಾಗ ಹೇಳಿದರು: ಗಂಡ ಆ ಸೈಕಲ್ಲನ್ನು ತೊಲೆಯಿಂದ ತಾವೇ ಇಳಿಸಿ, ಶಿರಸಿಗೆ ಒಯ್ದು ಅಂಗಡಿ ಅಂಗಡಿ ತಿರುಗಿದರಂತೆ. ಇದರ ಟಯರು ಈಗೆಲ್ಲೂ ಸಿಗುವುದಿಲ್ಲ, ಇದರ ಕೆಲಸ ನಮಗೆ ಬರುವುದಿಲ್ಲ ಎಂದು ಎಲ್ಲರೂ ವಾಪಸ್ಸು ಕಳಿಸಿದರಂತೆ.

"ಆಕಿ ಇದ್ದಿದ್ರ ಎಲ್ಲಿಂದರೆ ತರಿಸ್ತಿದ್ಲು," ಎಂದರು.

ಹೌದು ಎಂದೆ. ಫೋನು ಇಡಲೂ ಆಗದೆ ಇಬ್ಬರೂ ಹಾಗೇ ಹಿಡಿದುಕೊಂಡಿದ್ದೆವು.