ಆಯಿಯ ಎಲುಬಿಗೆ ಊಟ

ದಿನ ಬಿಟ್ಟು ದಿನ ಅವುಗಳಿಗೆ ಊಟ ಬದಲಿಸಬೇಕು. ಮರಾಠಿ ಸೀಮೆಯ ಉದಗೀರದ ನಮ್ಮ ಲ್ಯಾಬಿನಲ್ಲಿ ನಾನು ಬೆಳೆಸುವುದು ಮನುಷ್ಯರ ಎಲುಬಿನ ಜೀವಕೋಶ. ಅದರಲ್ಲಿ ಎರಡು ಬಗೆ. ಒಂದು ಎಲುಬು ಕಟ್ಟುತ್ತದೆ, ಇನ್ನೊಂದು ಕಟ್ಟಿದ್ದನ್ನು ಕರಗಿಸುತ್ತದೆ. ಬೇರೆ ಬೇರೆ ಇಟ್ಟರೆ ಎರಡೂ ತೆಪ್ಪಗಿರುತ್ತವೆ. ಒಂದೇ ತಟ್ಟೆಯಲ್ಲಿ ಬೆಳೆಸಿದರೆ ಒಂದೇ ಅಡುಗೆಮನೆಯ ಅತ್ತೆ-ಸೊಸೆ. ಗುಲಾಬಿ ಬಣ್ಣದ ಪೋಷಕ ದ್ರವ ಹಳದಿಗೆ ತಿರುಗಿತೆಂದರೆ ಹಸಿದಿವೆ ಎಂದರ್ಥ. ಆಗ ನನಗೆ ಮದುವೆಯಿಲ್ಲ, ಜವಳವಿಲ್ಲ, ನಮ್ಮೂರು ನಿಲಂಗಾದ ಬಸ್ಸೂ ಇಲ್ಲ. ಜೈಲಿನಲ್ಲಾದರೂ ಕಾವಲಿಗೆ ಪಾಳಿ ಇರುತ್ತದೆ. ಇಲ್ಲಿ ಕೈದಿಯೂ ನಾನೇ, ಕಾವಲೂ ನಾನೇ.

ಈ ಎಲುಬು ನಮ್ಮ ಆಯಿಯದು, ಅಪ್ಪನ ತಾಯಿಯದು. ನಿಲಂಗಾದ ನಮ್ಮ ಕಾಳಿನ ಅಂಗಡಿಯ ಮುಂದೆ ಚೆಲ್ಲಿದ ತೊಗರಿಯ ಮೇಲೆ ಕಾಲಿಟ್ಟು ಜಾರಿಬಿದ್ದಳು. ಉದಗೀರದ ಆಸ್ಪತ್ರೆಯಲ್ಲಿ ತೊಡೆಯ ಕೀಲಿನ ಗುಂಡನೆಯ ಎಲುಬು ತೆಗೆದು ಲೋಹದ್ದು ಕೂಡಿಸಿದರು. ತೆಗೆದದ್ದನ್ನು ನಮ್ಮ ಲ್ಯಾಬಿನ ಸಂಶೋಧನೆಗೆ ಕೊಡುವಿರಾ ಎಂದು ಅಲ್ಲಿನವರು ಕೇಳಿದಾಗ ಆಯಿ ನಕ್ಕಳು.

"ನಾಯಿ ಪಾಲಾಗೂದಕಿಂತ ಮೊಮ್ಮಗಳ ಪಾಲಾಗ್ಲಿ."

ಮನೆಗೆ ಕಳಿಸುವಾಗ ಡಾಕ್ಟರು ಮರಾಠಿಯಲ್ಲಿ, "ಆಜೀ, ಮಾಂಡಿ ಘಾಲೂನ ಬಸಾಯಚ ನಾಹಿ" ಎಂದರು. ಇನ್ನು ಚಕ್ಕಳಮಕ್ಕಳ ಹಾಕಿ ಕೂಡುವಂತಿಲ್ಲ. ಆಯಿಯೋ, ದಿನಾ ಹಾಗೇ ನೆಲದ ಮೇಲೆ ಕೂತು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದವಳು. ಪ್ಲಾಸ್ಟಿಕ್ ಕುರ್ಚಿ ಅವಳಿಗೆ ಶಿಕ್ಷೆಯಾಯಿತು.

"ಬಸ್‌ಸ್ಟ್ಯಾಂಡಿನ್ಯಾಗ ಕುಂತಂಗ ಅನಸ್ತದ," ಎಂದಳು, ನಾನು ಊರಿಗೆ ಹೋದಾಗ. "ಹೋಗ್ಲಿ. ಸತ್ತ ಮ್ಯಾಲ ಹ್ಯಾಂಗ ಕೂಡಲಿ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕಾಲು ಮಡಚಿ ಕೂಡಿಸಿ ಮಣ್ಣು ಕೊಡುತ್ತಾರೆ.

"ಆಗ ಯಾವ ಡಾಕ್ಟರೂ ಬೈಯಂಗಿಲ್ಲ, ಆಯಿ."

ಅವಳು ನಗಲಿಲ್ಲ. "ನನ್ನ ಎಲುಬ ಏನ ಮಾಡೀದಿ?"

"ಜೀವಂತ ಅದ. ಬೆಳಸ್ಲಾಕತ್ತೀನಿ."

"ಕೆಲಸ ಮುಗದ ಮ್ಯಾಲ?"

ಮನುಷ್ಯರ ಮೈಯದು ಏನೇ ಇರಲಿ, ಹಳದಿ ಚೀಲಕ್ಕೆ. ಹಳದಿ ಚೀಲ ಭಟ್ಟಿಗೆ. ಅದು ನಿಯಮ. "ಸುಡತಾರ," ಅಂದೆ.

ಆಯಿ ನನ್ನ ಮುಂಗೈ ಹಿಡಿದಳು. "ಬೆಂಕಿಗಿ ಹಾಕಬ್ಯಾಡ ಯವ್ವಾ. ಅರ್ಧಾ ಮಣ್ಣಾಗ, ಅರ್ಧಾ ಬೆಂಕ್ಯಾಗ ಆಗಬಾರದು ನಾ. ತಂದು ನನ್ನ ಮಗ್ಗಲಕ ಇಡು."

ಹೂಂ ಅಂದೆ.

ನನ್ನ ಮಾರ್ಗದರ್ಶಕರಾದ ಸರ್‌ಗೆ ಕೇಳಿದೆ. ಜೀವಕೋಶ ಲ್ಯಾಬಿನಿಂದ ಹೊರಗೆ ಒಯ್ಯುವಂತಿಲ್ಲ, ಮಣ್ಣಿಗಂತೂ ಹಾಕುವಂತೆಯೇ ಇಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಆಯಿ ತೀರಿಕೊಂಡ ದಿನ, ಮೈ ಬಿಗಿಯುವ ಮೊದಲೇ ಅಪ್ಪನ ತಮ್ಮ ಕಾಕಾ ಹೆದರುತ್ತ ಅವಳ ಕಾಲು ಮಡಚಿದರಂತೆ. ಲೋಹದ ಕೀಲು ಸಲೀಸಾಗಿ ಬಾಗಿತಂತೆ. ನಾನು ಹೊಲಕ್ಕೆ ಹೋದಾಗ ಆಯಿ ಕುಣಿಯಲ್ಲಿ ನೆಟ್ಟಗೆ ಕೂತಿದ್ದಳು, ಹಣೆತುಂಬ ವಿಭೂತಿ. ಎಲ್ಲರೂ ಪತ್ರಿ ಹಾಕಿದರು. ನಾನೂ ಹಾಕಿದೆ. ಅವಳ ಮಗ್ಗುಲ ಜಾಗ ಖಾಲಿಯೇ ಇತ್ತು. ಅದರ ಮೇಲೆ ಮಣ್ಣು ಬೀಳುವುದನ್ನು ನೋಡಲು ನಿಲ್ಲಲಾಗಲಿಲ್ಲ. ಅಂದೇ ದ್ರವ ಬದಲಿಸುವ ದಿನವಾಗಿತ್ತು, ಬಸ್ಸು ಹತ್ತಿದೆ.

ಈಗ ಪ್ರಯೋಗ ಮುಗಿದಿದೆ. ತಟ್ಟೆಗಳನ್ನು ಚೀಲಕ್ಕೆ ಹಾಕಿ ಜಾಗ ಖಾಲಿ ಮಾಡು ಎಂದು ಸರ್ ಹೇಳುತ್ತಲೇ ಇದ್ದಾರೆ. ಹಾಕಿದರೆ ನನಗೆ ಬಿಡುಗಡೆ. ಕಟ್ಟುವ ಕೋಶಗಳು ದಣಿದಿವೆ. ತಟ್ಟೆಯಲ್ಲಿ ಕರಗಿಸುವವರದೇ ಕಾರಭಾರು. ಇವತ್ತೂ ದ್ರವ ಬದಲಿಸುತ್ತಿದ್ದೆ. ಸರ್ ಬಾಗಿಲಲ್ಲಿ ಬಂದು ನಿಂತು ಖಾಲಿ ಹಳದಿ ಚೀಲದ ಕಡೆ ನೋಡಿದರು.

"ಇನ್ನಾ ಹಸದಾವ್ರೀ ಸರ್," ಅಂದೆ.