ಅತ್ತೆಯ ಹೇಂಟೆಗಳೂ ನಾನು ತಂದ ಬಿಳಿ ಹುಂಜವೂ

ನಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ಒಂದು ಹೇಂಟೆಯನ್ನು ಬುಟ್ಟಿಯಲ್ಲಿಟ್ಟು ಜೊತೆಗೆ ಕಳಿಸುವ ರೂಢಿ ಇತ್ತು. ಅದು ಊರಿನ ರೂಢಿಯಲ್ಲ, ನನ್ನ ಅತ್ತೆಯ ತವರಿನದ್ದು. ಅವರ ಅಜ್ಜಿ ಅವರ ತಾಯಿಗೆ ಕೊಟ್ಟ ಹೇಂಟೆಯ ಸಂತಾನವೇ ಅತ್ತೆಯ ಜೊತೆ ಐವರ್ನಾಡಿಗೆ ಬಂದಿತ್ತಂತೆ. ಅದರ ಮರಿಯ ಮರಿ ದೊಡ್ಡ ನಾದಿನಿಯ ಜೊತೆ ಕಡಬಕ್ಕೆ ಹೋಗಿತ್ತು. ಇನ್ನು ಸಣ್ಣ ನಾದಿನಿಯ ಮದುವೆಗೆ ಒಂದು ಹೋಗಬೇಕಿತ್ತು. ಆ ಒಂದು ಹೇಂಟೆಯನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದವಳು ನಾನು.

ನೋಡಲು ಆ ಕೋಳಿಗಳಲ್ಲಿ ವಿಶೇಷ ಏನೂ ಇರಲಿಲ್ಲ. ಒಣಗಿದ ಅಡಿಕೆ ಸಿಪ್ಪೆಯ ಬಣ್ಣ, ಕುತ್ತಿಗೆಯಲ್ಲಿ ಸ್ವಲ್ಪ ಕಪ್ಪು, ಬೂದಿ ಬಣ್ಣದ ಕಾಲು. ಮೊಟ್ಟೆಯೂ ಸಣ್ಣದು. ಆದರೆ ಕಾವಿಗೆ ಕೂತರೆ ಕೂತದ್ದೇ. ಅತ್ತೆ ಹಳೆಯ ಸೀರೆಯ ಅಂಚಿನಿಂದ ನೂಲು ಎಳೆದು ಅವುಗಳ ಕಾಲಿಗೆ ಕಟ್ಟುತ್ತಿದ್ದರು. ಚೆನ್ನಾಗಿ ಕಾವು ಕೊಟ್ಟದ್ದಕ್ಕೆ ಕೆಂಪು ನೂಲು, ಮರಿಗಳನ್ನು ಗಿಡುಗನಿಂದ ಕಾಪಾಡಿ ದೊಡ್ಡದು ಮಾಡಿದ್ದಕ್ಕೆ ಹಸಿರು. ನೂಲಿಲ್ಲದ್ದು ನೆಂಟರು ಬಂದ ದಿನ ಸಾರಿಗೆ. ಎರಡು ವರ್ಷಕ್ಕೊಮ್ಮೆ ಹುಂಜವನ್ನು ಬದಲಾಯಿಸುತ್ತಿದ್ದರು. ಅದನ್ನು ದೂರದ ಮನೆಯಿಂದ, ಕೇಳಿ ವಿಚಾರಿಸಿ ತರುತ್ತಿದ್ದರು. ಸಂಜೆ ಕೋಳಿಗೂಡಿನ ಬಾಗಿಲು ಹಾಕುವುದು ಅವರೊಬ್ಬರ ಕೆಲಸ. ಒಂದೊಂದನ್ನೇ ಒಳಗೆ ಹೋಗುವಾಗ ನೋಡುತ್ತಿದ್ದರು. ಎಣಿಸುತ್ತಾರೆ ಎಂದುಕೊಂಡಿದ್ದೆ. ನಡಿಗೆ, ಕಣ್ಣು, ಹಿಕ್ಕೆ ಎಲ್ಲವನ್ನೂ ಗಮನಿಸುತ್ತಿದ್ದರೆಂದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು.

ನಾನು ಪುತ್ತೂರು ಪೇಟೆಯವಳು, ಎಂಟನೆಯ ತನಕ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಅಡುಗೆಮನೆಯ ಹಿಂದೆ ತಂತಿ ಬಲೆಯೊಳಗೆ ಸಿಸ್ಟರುಗಳು ಸಾಕಿದ ಬಿಳಿ ಕೋಳಿಗಳಿದ್ದವು. ಒಗೆದು ಮಡಿಸಿಟ್ಟ ಬಟ್ಟೆಯಷ್ಟು ಬಿಳಿ. ವಯಸ್ಸಾದ ಸಿಸ್ಟರೊಬ್ಬರು ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಿಂದ ತಾರೀಕು ಬರೆದು, ಒಂದು ಉದ್ದನೆಯ ಪುಸ್ತಕದಲ್ಲಿ ಏನೋ ಗುರುತು ಮಾಡುತ್ತಿದ್ದರು. ಬುಧವಾರ ನಮ್ಮ ತರಗತಿಯ ಸರದಿ ಬಂದಾಗ ಬುಟ್ಟಿ ಹಿಡಿದು ಅವರ ಹಿಂದೆ ಹೋಗುತ್ತಿದ್ದೆ. ಐವರ್ನಾಡಿನ ಅಂಗಳದಲ್ಲಿ ಕೆದಕುತ್ತಿದ್ದ ಸಿಪ್ಪೆ ಬಣ್ಣದ ಕೋಳಿಗಳನ್ನು ಕಂಡಾಗಲೆಲ್ಲ ಆ ಬಿಳಿಯೇ ನೆನಪಾಗುತ್ತಿತ್ತು.

ಮದುವೆಯಾದ ಎರಡನೆಯ ವರ್ಷ ದೊಡ್ಡ ನಾದಿನಿಯ ಹೆರಿಗೆಗೆಂದು ಅತ್ತೆ ಕಡಬಕ್ಕೆ ಹೋದರು. ಎರಡು ತಿಂಗಳು ಮನೆ ನನ್ನ ಕೈಯಲ್ಲಿ. ಅದೇ ಸಮಯಕ್ಕೆ ನಾನು ತವರಿಗೆ ಹೋಗಿ ಬರುವಾಗ ಪುತ್ತೂರಿನ ಸೋಮವಾರದ ಸಂತೆಯಲ್ಲಿ ಒಬ್ಬ ಬಿಳಿ ಕೋಳಿಗಳನ್ನು ಇಟ್ಟುಕೊಂಡಿದ್ದ. ಒಂದು ಹುಂಜ, ಎರಡು ಹೇಂಟೆ. ಬುಟ್ಟಿಗೆ ಒಗೆದ ಬಟ್ಟೆ ಬೇರೆ ಮುಚ್ಚಿದ್ದ.

"ಮುಟ್ಟಿ ನೋಡಿ ಅಕ್ಕ. ಇದು ಊರ ಕೋಳಿ ಅಲ್ಲ, ಫಾರ್ಮಿನ ಜಾತಿ ಕೋಳಿ. ವರ್ಷ ಇಡೀ ಮೊಟ್ಟೆ ಇಡ್ತದೆ. ನಿಮ್ಮ ಹಾಗೆ ಓದಿದವರಿಗೆ ನಾನು ಹೆಚ್ಚು ಹೇಳ್ಬೇಕಾ?" ಎಂದ.

ಓದಿದವಳೆಂದು ಅವನಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಮೂರು ಊರ ಹುಂಜಗಳ ಬೆಲೆ ಅವನ ಒಂದೊಂದು ಕೋಳಿಗೆ. ಅಪ್ಪ ಹಬ್ಬಕ್ಕೆ ಸೀರೆ ತೆಗೆದುಕೊಳ್ಳಲು ಕೊಟ್ಟ ಹಣ ಹೋಯಿತು. ಕುಂಬ್ರದಲ್ಲಿ ಬಸ್ಸು ಬದಲಿಸುವಾಗ ಬುಟ್ಟಿಯನ್ನು ಟಾಪಿಗೆ ಹಾಕಲು ಬಿಡದೆ ಮಡಿಲಲ್ಲೇ ಇಟ್ಟುಕೊಂಡೆ. "ಮದುಮಗಳನ್ನು ಕರ್ಕೊಂಡು ಹೋಗುದಾ ಅಕ್ಕ?" ಎಂದು ಕಂಡಕ್ಟರ್ ನಕ್ಕ.

ಮನೆಯಲ್ಲಿ ಎರಡು ಹುಂಜಗಳು ಸೇರಿದ್ದೇ ರಕ್ತ ಬರುವ ತನಕ ಕಾದಾಡಿದವು. ಅತ್ತೆಯ ಕೆಂಪು ಹುಂಜವೇ ಗೆಲ್ಲುತ್ತಿತ್ತು. ನನಗೆ ಬಿಳಿಯದರ ಚಿಂತೆ. ಅಷ್ಟರಲ್ಲಿ ನನ್ನ ಅಣ್ಣಂದಿರು ಬಂದರು. "ಒಂದು ಅಂಗಳಕ್ಕೆ ಎರಡು ಹುಂಜ ಆಗುದಿಲ್ಲ" ಎಂದು ನನ್ನ ಯಜಮಾನರು ಹೇಳಿದ್ದೇ ನೆಪ. ಕೆಂಪು ಹುಂಜ ಸಾರಾಯಿತು.

ಕಡಬದಿಂದ ಬಂದ ಅತ್ತೆ ಕಾಲು ತೊಳೆಯುವ ಮೊದಲೇ ಅಂಗಳ ನೋಡಿದರು.

"ಹುಂಜ ಎಲ್ಲಿ?"

ನಾನು ಸೆರಗು ತಿರುಚುತ್ತಾ ನಿಂತೆ. ಸಣ್ಣ ನಾದಿನಿ ಜಗಲಿಯಿಂದಲೇ ಹೇಳಿದಳು: "ಅತ್ತಿಗೆಯ ಅಣ್ಣಂದಿರ ಹೊಟ್ಟೆಯಲ್ಲಿ, ಅವ್ವ."

ಅತ್ತೆಯ ಮುಖ ಒಂದು ಕ್ಷಣ ಹೇಗೋ ಆಯಿತು. "ಆಗಲಿ, ನೆಂಟರಿಗೆ ಬಡಿಸಿದ್ದಲ್ವಾ" ಎಂದರು. ಆಮೇಲೆ ಬಿಳಿಯದರ ಕಡೆಗೆ ಗಲ್ಲ ತೋರಿಸಿ, "ಇದೆಂತ ಗೂಡೆ?" ಎಂದರು. ಗೂಡೆ ಎಂದರೆ ಅವರ ಅರೆಭಾಷೆಯಲ್ಲಿ ಹುಡುಗಿ. ನನಗೆ ಆರು ಮಕ್ಕಳಾದ ಮೇಲೂ ಅವರಿಗೆ ನಾನು ಗೂಡೆಯೇ.

"ಜಾತಿ ಕೋಳಿ ಅತ್ತೆ. ವರ್ಷ ಇಡೀ ಮೊಟ್ಟೆ ಇಡ್ತದಂತೆ."

"ಯಾರು ಹೇಳಿದ್ದು?"

"ಮಾರಿದವ."

"ಮಾರುವವ ಮತ್ತೆಂತ ಹೇಳುದು, ಇಡುದಿಲ್ಲ ಅಂತ ಹೇಳ್ತಾನಾ?"

ಹುಂಜವನ್ನು ಹಿಡಿದು ಕಂಕುಳಲ್ಲಿಟ್ಟು, ರೆಕ್ಕೆ ಎತ್ತಿ ಬಾಯಿಂದ ಊದಿದರು. ಬಿಳಿ ಗರಿಗಳು ಬಿಡಿಸಿಕೊಂಡಾಗ ಬುಡದಲ್ಲಿ ಕೆಂಪು ತುಪ್ಪುಳ ಕಂಡಿತು. ಹಳದಿ ಕಾಲಿನಲ್ಲಿ ಅಲ್ಲಲ್ಲಿ ಬೂದಿ ಚುಕ್ಕೆ. "ಇದರ ಅಪ್ಪ ಫಾರ್ಮಿನವ ಇರಬಹುದು. ಅವ್ವ ಸಂತೆಯವಳೇ" ಎಂದರು. ಮತ್ತೆ ನಗುತ್ತಾ, "ಬಳಿ ಕೇಳದೆ ಮದುವೆ ಮಾಡಿದ್ದೀಯಲ್ಲ ಮಾರಾಯ್ತಿ!" ಎಂದರು.

ನಮ್ಮಲ್ಲಿ ಗಂಡು ಹೆಣ್ಣು ನೋಡುವಾಗ ಮೊದಲು ಕೇಳುವುದು ಯಾವ ಬಳಿ ಎಂದು, ಅಂದರೆ ಯಾವ ಮೂಲದ ಕುಟುಂಬ ಎಂದು. ಒಂದೇ ಬಳಿಯವರೊಳಗೆ ಸಂಬಂಧ ಆಗದು. ಅತ್ತೆ ಅದನ್ನೇ ಕೋಳಿಗೂ ಕೇಳುತ್ತಿದ್ದರು. ಯಾರ ಮನೆಯದ್ದು, ತಾಯಿ ಹೇಗೆ, ಅಜ್ಜಿ ಹೇಗೆ ಎಂದೆಲ್ಲ. ನಾನು ಬಣ್ಣ ಒಂದನ್ನೇ ನೋಡಿದ್ದೆ.

ಆ ದಿನವೇ ಅವರು ಅದನ್ನು ಸಾರು ಮಾಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೊಸೆ ತವರಿನ ಹಣ ಕೊಟ್ಟು ತಂದದ್ದು, ಮನಸ್ಸಿಗೆ ನೋವಾದೀತು ಎಂದು ಮುಟ್ಟಲಿಲ್ಲ. ಬಿಳಿ ಹೇಂಟೆಗಳು ಮೊದಮೊದಲು ದಿನ ಬಿಡದೆ ಮೊಟ್ಟೆ ಇಟ್ಟವು. ನಾನು ಪೆನ್ಸಿಲಿನಿಂದ ತಾರೀಕು ಬರೆದು ಸಾಲಾಗಿ ಜೋಡಿಸಿಟ್ಟು ಬಂದವರಿಗೆಲ್ಲ ತೋರಿಸಿದೆ. ಬಿಳಿ ಹುಂಜದ ಗಂಡು ಮರಿಯೊಂದು ಬೆಳೆದಾಗ ನಾದಿನಿಯ ಮಗುವಿನ ನೆಪದಲ್ಲಿ ಕಡಬಕ್ಕೂ ಉಡುಗೊರೆಯಾಗಿ ಕಳಿಸಿದೆ. ಅದು ಅಲ್ಲಿನ ಹೇಂಟೆಗಳ ನಡುವೆ ತಿರುಗಾಡಿತು.

ಅತ್ತೆಯ ಹೇಂಟೆಗಳಿಗೆ ಬಿಳಿ ಹುಂಜದಿಂದ ಹುಟ್ಟಿದ ಮರಿಗಳಲ್ಲಿ ಒಂದರಂತೆ ಒಂದಿರಲಿಲ್ಲ. ಚುಕ್ಕೆಯದ್ದು, ಪಟ್ಟೆಯದ್ದು, ಕುತ್ತಿಗೆಯಲ್ಲಿ ಗರಿಯೇ ಇಲ್ಲದ್ದು. ಬಿಳಿ ಇದ್ದವನ್ನು ಗಿಡುಗ ದೂರದಿಂದಲೇ ಗುರುತು ಹಿಡಿಯುತ್ತಿತ್ತು. ಬೆಳೆದ ಹೇಂಟೆಗಳು ತಾಯಂದಿರಷ್ಟು ಕಾವಿಗೆ ಕೂರಲೂ ಇಲ್ಲ, ಬಿಳಿಯವುಗಳಷ್ಟು ಮೊಟ್ಟೆ ಇಡಲೂ ಇಲ್ಲ. ಅವುಗಳಲ್ಲೊಂದು ಒಂಬತ್ತು ದಿನ ಕೂತು, ಹತ್ತನೆಯ ದಿನ ಏನೋ ನೆನಪಾದಂತೆ ಎದ್ದು ಹೋಯಿತು. ನಾನು ಮೊಟ್ಟೆಗಳನ್ನು ಮುಟ್ಟಿ ನೋಡಿದೆ. ಇನ್ನೂ ಸ್ವಲ್ಪ ಬಿಸಿ ಇತ್ತು. ಅದನ್ನು ಹಿಡಿದು ತಂದು ಕೂರಿಸಿದೆ. ಮತ್ತೆ ಎದ್ದಿತು.

ಮರುವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಕೋಳಿಗಳಿಗೆ ತೂಕಡಿಸುವ ರೋಗ ಬಂತು. ಬಿಳಿ ಹೇಂಟೆಗಳು ಮೊದಲು ಹೋದವು, ಆಮೇಲೆ ಬೆರಕೆಯವು, ಅವುಗಳಿಂದ ಅಂಟಿ ಅತ್ತೆಯ ಹಳೆಯವೂ ಹೋದವು. ಉಳಿದದ್ದು ಎರಡೇ. ಮೊಟ್ಟೆ ಇಡುವ ವಯಸ್ಸು ದಾಟಿದ, ಕಾಲಿಗೆ ಮಾಸಿದ ಕೆಂಪು ನೂಲಿದ್ದ ಮುದಿ ಹೇಂಟೆ ಒಂದು. ಮತ್ತೊಂದು, ನಾಚಿಕೆಯಿಲ್ಲದೆ ಮಧ್ಯಾಹ್ನ ಕೂಗುತ್ತಿದ್ದ ಬಿಳಿ ಹುಂಜ.

ಸಣ್ಣ ನಾದಿನಿಯ ಮದುವೆ ನಿಶ್ಚಯವಾದದ್ದು ಆಟಿ ಕಳೆದ ಕೂಡಲೇ. ಮಾತುಕತೆಯವರು ಎದ್ದು ಹೋದ ಮೇಲೆ ಅವಳು ತಾಯಿಯ ಹತ್ತಿರ ಕೂತು ಮೆಲ್ಲನೆ ಕೇಳಿದಳು: "ಅವ್ವ, ನನಗೆ ಕೊಡ್ಲಿಕ್ಕೆ ಹೇಂಟೆ ಉಂಟಾ?"

ಅತ್ತೆ ಗೂಡಿನ ಕಡೆ ನೋಡಿದರು. ಕಡಬದಲ್ಲಿ ಕೇಳೋಣವೆಂದರೆ ಅಲ್ಲಿಯೂ ಬಣ್ಣಬಣ್ಣದವೇ, ನಾನು ಕಳಿಸಿದ ಉಡುಗೊರೆಯ ಫಲ. ನಾನು ಒಳಗೆ ಹೋಗಿ ಮಣೆಯ ಮೇಲೆ ಕೂತು ಅಳತೊಡಗಿದೆ. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ. ಅವರು ಬಂದು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಅಳುದು ಸಾಕು. ನಾಳೆ ಕುಂಬ್ರಕ್ಕೆ ಹೋಗುವ. ಪಾಲಿನದ್ದು ಒಂದು ಉಂಟು."

ನಮ್ಮ ಕಡೆ ಹೇಂಟೆಯನ್ನು ಪಾಲಿಗೆ ಕೊಡುವುದುಂಟು. ಕೋಳಿ ನಮ್ಮದು, ಸಾಕುವುದು ಅವರು, ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಅತ್ತೆ ಅಲ್ಲಿ ಇಲ್ಲಿ ಹಾಗೆ ಕೊಡುತ್ತಿದ್ದರು. ಎಲ್ಲವೂ ಉಳಿಯುತ್ತಿರಲಿಲ್ಲ. ಕುಂಬ್ರದ ಹತ್ತಿರ ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ಒಬ್ಬಾಕೆ ಹಿಂದೆ ನಮ್ಮ ನೆರೆಯವಳು. ಊರು ಬಿಟ್ಟು ಹೋಗುವಾಗ ಪಾಲಿಗೆ ಒಂದು ಹೇಂಟೆ ತೆಗೆದುಕೊಂಡು ಹೋಗಿದ್ದಳು.

ನಾವು ಹೋದಾಗ ಆಕೆ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆಯೇ ನಕ್ಕಳು. "ನಾಲ್ಕು ವರ್ಷ ಆಯ್ತು ಅಕ್ಕ, ಒಂದು ಮರಿ ಕೇಳ್ಲಿಕ್ಕೆ ಬರ್ಲಿಲ್ಲ ನೀವು. ಮರ್ತಿದ್ದೀರಿ ಅಂತ ಎಣಿಸಿದ್ದೆ."

"ಮರ್ತದ್ದಲ್ಲ ಮಾರಾಯ್ತಿ. ಇಲ್ಲಿ ಇಟ್ಟದ್ದು."

ಮನೆಯ ಹಿಂದೆ ಹಳೆಯ ಬುಟ್ಟಿಯಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು. ಅದೇ ಸಿಪ್ಪೆ ಬಣ್ಣ. ಅತ್ತೆ ಬಗ್ಗಿ ಅದರ ಹೊಟ್ಟೆಯ ಕೆಳಗೆ ಕೈ ಹಾಕಿದರು. ಅದು ಕುತ್ತಿಗೆ ಉಬ್ಬಿಸಿ, ಜಾಗ ಬಿಟ್ಟು ಕದಲದೆ, ಬಲವಾಗಿ ಕುಕ್ಕಿತು. ಅತ್ತೆ ರಕ್ತ ಬಂದ ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ನಗುತ್ತಿದ್ದರು.

"ನಮ್ಮದೇ" ಎಂದರು.

ಇನ್ನೊಂದು ಹೇಂಟೆ, ಅದರ ಮಗಳು, ಆಗ ಮೊಟ್ಟೆ ಇಡುತ್ತಿತ್ತು. ಹುಂಜ ಯಾರದ್ದೆಂದು ಅತ್ತೆ ವಿಚಾರಿಸಿದರು. ಆಚೆ ಗುಡ್ಡೆಯ ಮನೆಯದ್ದು, ಬೇರೆಯೇ ಮೂಲ. ಆಕೆ ಆ ಹೇಂಟೆಯ ಮೊಟ್ಟೆಗಳನ್ನು ಕೂಡಿಟ್ಟು ಮರುವಾರ ಕೊಡಲು ಒಪ್ಪಿದಳು. "ನಿಮ್ಮಲ್ಲಿ ಬಿಳಿ ಕೋಳಿ ಇತ್ತಂತಲ್ಲ, ದೊಡ್ಡ ಬೆಲೆಯದ್ದು?" ಎಂದು ಕೇಳಿದಳು. ನಾನು ನೆಲ ನೋಡಿದೆ.

"ನನ್ನ ಸೊಸೆ ಓದಿದವಳು" ಎಂದರು ಅತ್ತೆ. "ಹೊಸತು ಎಂತದಾದರೂ ಮಾಡಿ ನೋಡ್ಬೇಕಲ್ಲ. ನಾವು ನೋಡಿದ್ದೇ ಇಲ್ಲ."

ಹನ್ನೊಂದು ಮೊಟ್ಟೆಗಳನ್ನು ಬೈಹುಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಇಬ್ಬರೂ ಸರದಿಯಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆವು. ಮುದಿ ಹೇಂಟೆ ಮೊಟ್ಟೆ ಇಡುವುದನ್ನು ಬಿಟ್ಟಿತ್ತೇ ಹೊರತು ಕಾವು ಕೊಡುವುದನ್ನು ಮರೆತಿರಲಿಲ್ಲ. ಅದನ್ನು ಕೂರಿಸಿದೆವು. ಇಪ್ಪತ್ತೊಂದನೆಯ ದಿನ ಅದರ ಎದೆಯ ಗರಿಯೊಳಗಿಂದ ಸಣ್ಣ ತಲೆಯೊಂದು ಹೊರಗೆ ಇಣುಕಿತು. ಒಂಬತ್ತು ಮರಿಗಳು. ಬೆಳೆದು ಉಳಿದವು ಐದು, ಅವುಗಳಲ್ಲಿ ಹೇಂಟೆ ಮೂರು.

ಆಗ ನಾನೂ ಒಂದು ಪುಸ್ತಕ ಶುರು ಮಾಡಿದೆ. ಯಾವುದು ಮೊದಲು ಗೂಡು ಸೇರುತ್ತದೆ, ಯಾವುದು ಗಿಡುಗನ ನೆರಳಿಗೆ ಎಚ್ಚರಗೊಳ್ಳುತ್ತದೆ ಎಂದೆಲ್ಲ ಬರೆದಿಟ್ಟೆ. ಕಾನ್ವೆಂಟಿನ ಸಿಸ್ಟರ್ ಆ ಉದ್ದನೆಯ ಪುಸ್ತಕದಲ್ಲಿ ಮಾಡುತ್ತಿದ್ದದ್ದೂ, ಅತ್ತೆ ಸೀರೆಯ ನೂಲಿನಲ್ಲಿ ಮಾಡುತ್ತಿದ್ದದ್ದೂ ಒಂದೇ ಎಂದು ಬರೆಯುತ್ತಾ ಹೊಳೆಯಿತು. ಬಿಳಿ ಕೋಳಿಯದ್ದೇನೂ ತಪ್ಪಿರಲಿಲ್ಲ. ಅದರ ಹಿಂದೆ ಯಾರೂ ಪುಸ್ತಕ ಹಿಡಿದು ನಿಂತಿರಲಿಲ್ಲ, ಅಷ್ಟೇ.

"ಕೋಳಿಗೂ ಜಾತಕ ಬರೀತೀಯಾ?" ಎಂದು ಅತ್ತೆ ಗೇಲಿ ಮಾಡುತ್ತಿದ್ದರು. ಸಂಜೆಯಾದರೆ ಅವರೇ, "ಇವತ್ತು ಎಂತ ಬರೆದೆ, ಓದು" ಎನ್ನುತ್ತಿದ್ದರು.

ಮದುವೆ ಸುಗ್ಗಿ ತಿಂಗಳಲ್ಲಿ. ಚಪ್ಪರ ಹಾಕಲು ಬಂದವರಿಗೆ ಬಿಳಿ ಹುಂಜದ ಸಾರು. "ಇದು ಕೋಳಿಯಾ ಕುಂಬಳಕಾಯಿಯಾ ಮಾರಾಯ್ರೆ?" ಎಂದು ಒಬ್ಬ ಕೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಹೆಣ್ಣು ಹೊರಡುವ ಹೊತ್ತಿಗೆ ಅತ್ತೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಹಿಡಿದು ತಾ" ಎಂದರು. ಮೂರರಲ್ಲಿ ಒಂದು ನನಗೆ ಬಹಳ ಇಷ್ಟವಾದದ್ದು. ನೆರಳು ಕಂಡೊಡನೆ ತಾನು ಓಡದೆ, ನಿಂತು ಕೂಗಿ ಉಳಿದವನ್ನು ಎಚ್ಚರಿಸುತ್ತಿತ್ತು. ಅದನ್ನೇ ಹಿಡಿದು ತಂದೆ.

ಅತ್ತೆ ರೆಕ್ಕೆ ಎತ್ತಿ ಊದಿ ನೋಡಿದರು. "ಇದು ಎಲ್ಲದರಿಂದ ಒಳ್ಳೇದು. ಇದನ್ನೇ ಕೊಡುದಾ? ನಮಗೆ?"

"ನಮ್ಮಲ್ಲಿ ಕೆಟ್ಟರೆ ಅಲ್ಲಿಗೆ ಹೋಗಿ ಕೇಳಬಹುದಲ್ಲ ಅತ್ತೆ" ಎಂದೆ.

ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೆಂಪು ನೂಲು ತೆಗೆದು ಕೋಳಿಯ ಕಾಲಿಗೆ ಕಟ್ಟಿದರು. ಇನ್ನೂ ಒಮ್ಮೆಯೂ ಕಾವಿಗೆ ಕೂರದ ಹೇಂಟೆಗೆ ಅವರು ನೂಲು ಕಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಳುತ್ತಿದ್ದ ನಾದಿನಿ ಜೀಪಿನಲ್ಲಿ ಕೂತು ಬುಟ್ಟಿಯ ಸಂದಿಯಲ್ಲಿ ಬೆರಳು ತೂರಿಸಿದಳು. ಒಳಗಿನಿಂದ ಅದು ಕುಕ್ಕಿರಬೇಕು, "ಅಯ್ಯೋ!" ಎಂದು ಕೈ ಎಳೆದುಕೊಂಡು ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಆ ಸಂಜೆ ಅತ್ತೆ ದಣಿದು ಜಗಲಿಯಲ್ಲೇ ಒರಗಿದ್ದರು. "ಗೂಡೆ, ಗೂಡಿನ ಬಾಗಿಲು ನೀನು ಹಾಕಿಬಿಡು" ಎಂದರು.