ಅಕ್ಕನ ಬಳೆ ಒಡೆದ ಜಾಗ

ಬೆಣ್ಣಿಹಳ್ಳದ ನೀರು ಅಕ್ಕನ ಊರಿಗೆ ನುಗ್ಗಿದ ಬೆಳಿಗ್ಗೆ ನಾನು ಅಣ್ಣಿಗೇರಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ನೀರು ಇಳಿದ ಮೇಲೆ ಹಿತ್ತಲಲ್ಲಿ ಅವಳ ಹೆಣ ಸಿಕ್ಕಿತು. ಹಿತ್ತಲ ಗೋಡೆ ಮೈಮೇಲೆ ಬಿತ್ತು ಎಂದು ಅವಳ ಗಂಡ, ನಮ್ಮ ಮಾಮಾ, ಹೇಳಿದರು. ಪೊಲೀಸರೂ ಹಾಗೆಯೇ ಬರೆದುಕೊಂಡು ಹೋದರು.

ಅವಳಿಗೆ ಕೊನೆಯ ಸ್ನಾನ ಮಾಡಿಸಿದ ನೆರೆಮನೆಯ ಮುದುಕಿ ಮಾತ್ರ ನನ್ನನ್ನು ಬದಿಗೆ ಕರೆದಳು. “ಗ್ವಾಡಿ ಬಿದ್ದಿದ್ರ ಮೈ ಜಜ್ಜಬೇಕಿತ್ತಲ್ಲಬೇ? ಒಂದು ಗಾಯ ಇದ್ದಿಲ್ಲ. ಅಂಗೈ ಅಷ್ಟ ಕೆತ್ತಿ ಹೋಗಿದ್ವು.”

ಮನೆ ತೊಳೆಯುವ ನೆಪದಲ್ಲಿ ನಾನು ಅಲ್ಲೇ ಉಳಿದೆ. ಹಿತ್ತಲ ಗೋಡೆಯ ಮಣ್ಣನ್ನು ಕೈಯಿಂದ ಕೆದಕಿದೆ, ಏನೂ ಸಿಗಲಿಲ್ಲ. ಮುಂಬಾಗಿಲ ಹಿಂದಿನ ಕೆಸರಿನಲ್ಲಿ ಹಸಿರು ಬಳೆಯ ಚೂರುಗಳು ಸಿಕ್ಕವು. ನವಲಗುಂದದ ಸಂತೆಯಲ್ಲಿ ನಾವಿಬ್ಬರೂ ಕೂಡಿ ಇಡಿಸಿಕೊಂಡಿದ್ದ ಬಳೆಗಳು. ನನ್ನ ಕೈಯಲ್ಲಿ ಇನ್ನೂ ಇದ್ದವು.

ಆ ದಿನಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಅಕ್ಕ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕರುವನ್ನು ಮಾರುತ್ತೇನೆಂದು ಮಾಮಾ ಹಟ ಹಿಡಿದಿದ್ದರು. ಊರಿಗೆಲ್ಲ ಗೊತ್ತಿದ್ದ ಜಗಳ.

ಅಂದು ಓಣಿಯವರನ್ನು ಟ್ರ್ಯಾಕ್ಟರಿನಲ್ಲಿ ಎತ್ತರದ ಶಾಲೆಗೆ ಸಾಗಿಸಿದ ಹುಡುಗನನ್ನು ಕೇಳಿದೆ, “ಮುಂಬಾಗಲಾ ಯಾರು ಹಾಕಿದ್ರು?”

“ನಿಮ್ಮ ಮಾಮಾನ ಹೊರಗಿಂದ ಚಿಲಕಾ ಹಾಕ್ಯಾರ್ರಿ. ನಾನ ನೋಡೇನಿ.”

ಬಳೆ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ನಡೆದೆ.

ಮನೆ ಕಳಕೊಂಡವರ ಜೊತೆ ಮಾಮಾ ಅದೇ ಶಾಲೆಯ ಪಡಸಾಲೆಯಲ್ಲಿದ್ದರು. ಚೂರುಗಳನ್ನು ಅವರ ಮುಂದೆ ಸುರಿದೆ. “ಅಕ್ಕ ಹಿತ್ತಲದಾಗ ಸತ್ತಿಲ್ಲ. ಆಕಿನ್ನ ಒಳಗ ಬಿಟ್ಟು ಚಿಲಕಾ ಹಾಕೀರಿ.”

ಅವರು ಸಿಟ್ಟಾಗಲಿಲ್ಲ. ಒಂದು ಚೂರನ್ನು ಎತ್ತಿಕೊಂಡು ಅಂಗೈಯಲ್ಲಿ ಇಟ್ಟುಕೊಂಡರು.

“ಹಾಕಿದೆ. ಎಲ್ಲಾರೂ ಟ್ರ್ಯಾಕ್ಟರ್ ಹತ್ಯಾರ ಅಂತ ತಿಳದು ಹಾಕಿದೆ. ಕರಾ ಬಿಚ್ಚಾಕ ಹಿತ್ತಲ ಬಾಗಲದಿಂದ ಒಳಗ ಹೋಗಿದ್ಲು ಆಕಿ. ನಾ ನೋಡ್ಲಿಲ್ಲ. ಹಿಂದಿನ ಗ್ವಾಡಿ ಬಿದ್ದು ಆ ಬಾಗಲಾ ಮುಚ್ಚಿತು.”

ನೀರು ಇಳಿದ ಮೇಲೆ ಚಿಲಕ ತೆಗೆದವರೂ ಅವರೇ. ಎಷ್ಟು ದೂಡಿದರೂ ಬಾಗಿಲು ಜಗ್ಗಲಿಲ್ಲವಂತೆ. ಅಕ್ಕ ಒಳಗಿನಿಂದ ಬಾಗಿಲಿಗೇ ಒರಗಿದ್ದಳು. ಕರುವಿನ ಹಗ್ಗ ಇನ್ನೂ ಅವಳ ಕೈಗೆ ಸುತ್ತಿತ್ತು. ಯಾರೂ ಬರುವ ಮೊದಲೇ ಅವರು ಅವಳನ್ನು ಹೊತ್ತು ತಂದು ಹಿತ್ತಲಲ್ಲಿ ಮಲಗಿಸಿದ್ದರು.

“ಸುಳ್ಳ್ಯಾಕ ಹೇಳಿದ್ರಿ ಮಾಮಾ?”

“ಗ್ವಾಡಿ ಬಿತ್ತು, ಒಂದ ಏಟಿಗೆ ಜೀವಾ ಹೋತು ಅಂದ್ರ ನಿಮ್ಮವ್ವ ಒಂದೀಟು ನಿದ್ದಿಯರ ಮಾಡ್ತಾಳ. ನಿನ್ನ ಮಗಳು ಬಾಗಲಾ ಬಡದು ಬಡದು ಸತ್ತಳು ಅಂತ ಯಾವ ಬಾಯಿಲೆ ಹೇಳ್ಲಿ?” ಚಪ್ಪಲಿ ಹುಡುಕುತ್ತ ಎದ್ದು ನಿಂತರು. “ನಡಿ, ಪೊಲೀಸರ ಕಡೆ ಹೋಗೂಣು.”

ಅವರ ಕೈ ಹಿಡಿದು ಕೂರಿಸಿದೆ. ಆಮೇಲೆ ಟ್ರ್ಯಾಕ್ಟರಿನ ಹುಡುಗನನ್ನು ಇನ್ನೊಮ್ಮೆ ಕೇಳಿದೆ. “ಎಲ್ಲಾರೂ ಹತ್ತಿರೇನು?” ಎಂದು ಮಾಮಾ ಕೂಗಿದ್ದು, ಹೆಂಗಸರಲ್ಲಿ ಯಾರೋ “ಹತ್ತೇವಿ, ಬಿಡ್ರಿ” ಎಂದದ್ದು ಅವನಿಗೆ ನೆನಪಿತ್ತು.

ಮನೆಗೆ ಮರಳಿ ಅವ್ವನಿಗೆ ಎಲ್ಲ ಹೇಳಿದೆ. ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವ್ವ ಅಳಲಿಲ್ಲ. ಮರುದಿನ ರೊಟ್ಟಿ, ಪಲ್ಯ ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಶಾಲೆಯ ಪಡಸಾಲೆಯಲ್ಲಿ ಅವಳನ್ನು ಕಂಡು ಮಾಮಾ ಏಳಲು ಹೋಗಿ ಗೋಡೆ ಹಿಡಿದು ಅಲ್ಲೇ ಕುಸಿದರು. ಅವ್ವ ಎದುರಿಗೆ ಕೂತು ರೊಟ್ಟಿ ಮುರಿದು ಅವರ ಬಾಯಿಯ ಹತ್ತಿರ ಒಯ್ದಳು.

“ಉಣ್ಣಪಾ,” ಎಂದಳು.

ಅವರಿಗೆ ಬಾಯಿ ತೆರೆಯಲು ಆಗಲಿಲ್ಲ. ಅವ್ವ ಕೈ ಇಳಿಸದೆ ಹಾಗೇ ಕೂತಿದ್ದಳು.